ಪಟ್ಟಣದ ಅಂಚಿನ ಹಳ್ಳಿ: ಜೀವ, ಜಮೀನು, ಜಾಗ್ರತೆ

ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ, ಪಟ್ಟಣ ಹತ್ತಿರವಾದಂತೆಲ್ಲ ಹೊಲಗಳ ನಡುವೆ ಸಾಲಾಗಿ ನೆಟ್ಟ ಗಿಡ್ಡ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಶೇಂಗಾ, ಜೋಳ ಬೆಳೆಯುತ್ತಿದ್ದ ನೆಲ ಅದು. ಹೊಳಲ್ಕೆರೆ, ಹೊಸದುರ್ಗ ಪಟ್ಟಣಗಳ ಅಂಚಿನಲ್ಲೂ ಇದೇ ನೋಟ. ಇವು ನಿವೇಶನದ ಗುರುತುಗಳೇ ಹೊರತು ಸರ್ವೆ ಇಲಾಖೆಯ ಗಡಿಕಲ್ಲುಗಳಲ್ಲ. ನೋಡುವವರಿಗೆ ಎರಡೂ ಕಲ್ಲೇ. ಆದರೆ ಕಾನೂನಿನ ಕಣ್ಣಿಗೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಪಟ್ಟಣದ ಸಮೀಪದ ಹಳ್ಳಿಗಳ ಬದುಕು ಮತ್ತು ಭದ್ರತೆಯ ಬಗ್ಗೆ ಚರ್ಚಾ ಕಾರ್ಯಕ್ರಮ ಮಾಡಲು ಕುಳಿತಾಗಲೆಲ್ಲ ನಮಗೆ ಎದುರಾಗುವ ತೊಂದರೆ ಒಂದೇ: ಸಮಯ ಸಾಲದು. ಅರ್ಧ ಗಂಟೆಯಲ್ಲಿ ಪಹಣಿ ಓದುವುದನ್ನು ಹೇಳಿಕೊಡುವುದು ಕಷ್ಟ. ಆದ್ದರಿಂದ ಆ ಮಾತನ್ನು ಇಲ್ಲಿ ಸಾವಧಾನವಾಗಿ ನೋಡೋಣ.

ನೆನಪೇ ದಾಖಲೆಯಾಗಿದ್ದ ಕಾಲ

ಹಿಂದೆ ಹಳ್ಳಿಯಲ್ಲಿ ಶಾನುಭೋಗರು ಲೆಕ್ಕ ಬರೆಯುತ್ತಿದ್ದರು, ತಳವಾರರು ಕಾವಲು ಕಾಯುತ್ತಿದ್ದರು, ನೀರಗಂಟಿಗಳು ಕೆರೆಯ ತೂಬು ನೋಡಿಕೊಳ್ಳುತ್ತಿದ್ದರು. ಯಾರ ಬದು ಎಲ್ಲಿ ಮುಗಿಯುತ್ತದೆ, ಹಳ್ಳ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಇವರಿಗೆ ಬಾಯಿಪಾಠವಾಗಿತ್ತು. ವಂಶಪಾರಂಪರ್ಯದ ಈ ಹುದ್ದೆಗಳನ್ನು 1961ರ ಕರ್ನಾಟಕ ಗ್ರಾಮ ಅಧಿಕಾರಗಳ ರದ್ದತಿ ಕಾಯಿದೆ ಕೊನೆಗೊಳಿಸಿತು. ಆ ವ್ಯವಸ್ಥೆಯಲ್ಲಿ ಅನ್ಯಾಯವೂ ಇತ್ತು, ಹೋದದ್ದು ಸರಿಯೇ. ಆದರೆ ಅದರೊಂದಿಗೆ ಊರಿನ ನೆನಪೂ ಒಂದಿಷ್ಟು ಹೋಯಿತು.

ಇಂಡೋನೇಷ್ಯದ ಜಾವಾ ದ್ವೀಪದ ಹಳ್ಳಿಗಳಲ್ಲಿ ಗಂಡಸರು ಸರದಿಯ ಮೇಲೆ ರಾತ್ರಿ ಗಸ್ತು ತಿರುಗುವ ಪದ್ಧತಿಗೆ ‘ರೋಂಡಾ’ ಎನ್ನುತ್ತಾರೆ. ಅಪಾಯ ಕಂಡರೆ ಬಿದಿರಿನ ಅಥವಾ ಮರದ ‘ಕೆಂಟೊಂಗನ್’ ಬಾರಿಸಿ ಊರನ್ನು ಎಬ್ಬಿಸುತ್ತಾರೆ. ಇಂಥ ಕಾವಲು ನಡೆಯಬೇಕಾದರೆ ಊರಿನವರಿಗೆ ಪರಸ್ಪರ ಪರಿಚಯವಿರಬೇಕು. ಪಟ್ಟಣದ ಪಕ್ಕದ ಹಳ್ಳಿಯಲ್ಲಿ ಮೊದಲು ಸಡಿಲವಾಗುವುದು ಆ ಪರಿಚಯವೇ. ಹಳಬರು ತೀರಿಕೊಳ್ಳುತ್ತಾರೆ, ಮಕ್ಕಳು ಬೆಂಗಳೂರು ಸೇರುತ್ತಾರೆ, ಪಕ್ಕದ ಸೈಟಿನ ಒಡೆಯ ಯಾರೆಂಬುದೇ ತಿಳಿದಿರುವುದಿಲ್ಲ. ನೆಲದ ಬೆಲೆ ಏರುವುದೂ ಇದೇ ಹೊತ್ತಿನಲ್ಲಿ. ನೆನಪು ಕಡಿಮೆಯಾಗಿ ಬೆಲೆ ಹೆಚ್ಚಾಗುವ ಈ ಕಾಲದಲ್ಲೇ ವಂಚನೆಗೂ ವ್ಯಾಜ್ಯಕ್ಕೂ ಅವಕಾಶ ಹೆಚ್ಚು. ನೆನಪಿನಲ್ಲಿ ಇದ್ದುದನ್ನು ಕಾಗದಕ್ಕೆ ಇಳಿಸುವುದೊಂದೇ ಇದಕ್ಕೆ ಪರಿಹಾರ.

ಪಹಣಿ ಓದುವ ಬಗೆ

ಕೃಷಿ ಜಮೀನಿನ ಮೂಲ ದಾಖಲೆ ಪಹಣಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಏರಿದವು. ನಾಡಕಚೇರಿಯಲ್ಲಿ ಯಾರು ಬೇಕಾದರೂ ಪ್ರತಿ ಪಡೆಯಬಹುದು. ಅನೇಕರು ಅದರಲ್ಲಿ ತಮ್ಮ ಹೆಸರಿದೆಯೇ ಎಂದಷ್ಟೇ ನೋಡಿ ಮಡಚಿಡುತ್ತಾರೆ. ಅದು ಸಾಲದು.

ಮೊದಲು ವಿಸ್ತೀರ್ಣ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 1,089 ಚದರ ಅಡಿ. ಅಂದರೆ 30ಕ್ಕೆ 40 ಅಡಿಯ ಸೈಟು ಒಂದು ಗುಂಟೆಗಿಂತ ತುಸು ಹೆಚ್ಚು. ವಿಸ್ತೀರ್ಣದ ಕೆಳಗೇ ‘ಖರಾಬು’ ಎಂಬ ಲೆಕ್ಕವಿರುತ್ತದೆ. ‘ಅ’ ಖರಾಬು ಬಂಡೆ, ಕಲ್ಲುನೆಲದಂತಹ ಉಳುಮೆಗೆ ಬಾರದ ಜಾಗ. ‘ಬ’ ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗದ್ದು. ಅದು ನಿಮ್ಮ ಸರ್ವೆ ನಂಬರಿನೊಳಗೆ ಇದ್ದರೂ ನಿಮ್ಮದಲ್ಲ. ಅದನ್ನು ಸೇರಿಸಿ ಅಳೆದು ಮಾರುವವರಿದ್ದಾರೆ ಎಂಬುದನ್ನು ಮರೆಯಬಾರದು.

9ನೇ ಅಂಕಣದಲ್ಲಿ ಸ್ವಾಧೀನದಾರರ ಹೆಸರು, 11ನೇ ಅಂಕಣದಲ್ಲಿ ಇತರ ಹಕ್ಕು ಮತ್ತು ಋಣಗಳು. ಸಹಕಾರ ಸಂಘದ ಸಾಲ, ಬ್ಯಾಂಕಿನ ಅಡಮಾನ, ನ್ಯಾಯಾಲಯದ ತಡೆ ಕಾಣಿಸುವುದು 11ರಲ್ಲಿ. ಕೊಳ್ಳುವವರು 9ನ್ನು ನೋಡುತ್ತಾರೆ. ಜಾಣರು 11ನ್ನೂ ನೋಡುತ್ತಾರೆ.

ಇನ್ನೊಂದು ಮಾತು. ಪಹಣಿಯೇ ಒಡೆತನವಲ್ಲ. ಅದರಲ್ಲಿನ ನಮೂದು ತಪ್ಪೆಂದು ರುಜುವಾತಾಗುವವರೆಗೆ ಸರಿಯೆಂದು ಭಾವಿಸಬೇಕು ಎಂದಷ್ಟೇ ಭೂಕಂದಾಯ ಕಾಯಿದೆ ಹೇಳುತ್ತದೆ. ಒಡೆತನದ ಮೂಲ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮಂಜೂರಾತಿ ಆದೇಶಗಳಲ್ಲಿ ಇರುತ್ತದೆ.

ತಾತನ ಹೆಸರಿನ ಪಹಣಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಾತನ ಹೆಸರಿನಲ್ಲಿ ನಾಲ್ಕು ಎಕರೆ. ತಾತ ತೀರಿಕೊಂಡು ಮೂವತ್ತು ವರ್ಷವಾಯಿತು. ಮೂವರು ಗಂಡುಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದಾರೆ. ಜಗಳವಿಲ್ಲ, ಹಾಗಾಗಿ ಕಚೇರಿಗೆ ಹೋದವರೂ ಇಲ್ಲ. ಅಷ್ಟರಲ್ಲಿ ಆ ನೆಲದ ಮೇಲೆ ರಸ್ತೆಯೋ ಕಾಲುವೆಯೋ ರೈಲುಹಳಿಯೋ ಬರುತ್ತದೆ.

ಇದು ಕಲ್ಪನೆಯ ಮಾತಲ್ಲ. ಹೆದ್ದಾರಿಯ ವಿಸ್ತರಣೆ, ಭದ್ರಾ ಮೇಲ್ದಂಡೆಯ ಕಾಲುವೆಗಳು, ಹಿರಿಯೂರು, ಚಿತ್ರದುರ್ಗಗಳ ಮೂಲಕ ಸಾಗುವ ತುಮಕೂರು–ದಾವಣಗೆರೆ ರೈಲುಮಾರ್ಗ, ಎಲ್ಲಕ್ಕೂ ಈ ಜಿಲ್ಲೆಯ ಜಮೀನು ಬೇಕಾಗಿದೆ. ಪರಿಹಾರದ ನೋಟಿಸು ಪಹಣಿಯಲ್ಲಿರುವ ಹೆಸರಿಗೆ ಬರುತ್ತದೆ, ಅಂದರೆ ತೀರಿಕೊಂಡ ತಾತನಿಗೆ. ಆಗ ವಾರಸುದಾರರೆಲ್ಲ ಒಟ್ಟಾಗಬೇಕು. ಅಲ್ಲಿಯವರೆಗೆ ಯಾರೂ ನೆನೆಯದಿದ್ದ ಅತ್ತೆಯರ, ಅಕ್ಕತಂಗಿಯರ ಹಕ್ಕೂ ಮುಂದೆ ಬರುತ್ತದೆ. ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೂ ದೇಶಕ್ಕೆಲ್ಲ 2005ರಲ್ಲೂ ಜಾರಿಗೆ ಬಂತು. ಕೊಟ್ಟ ಮನೆಯಲ್ಲಿರುವ ಮಗಳನ್ನು ಬಿಟ್ಟು ಬರೆದ ವಂಶವೃಕ್ಷ ಮುಂದೆ ಇಡೀ ಕುಟುಂಬವನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು.

ಆದ್ದರಿಂದ ಖಾತೆದಾರರು ತೀರಿಕೊಂಡ ಕೂಡಲೇ ಮರಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಕೊಡಬೇಕು. ಅದರಿಂದ ವಾರಸುದಾರರ ಹೆಸರು ಜಂಟಿಯಾಗಿ ಏರುತ್ತದೆ, ಆದರೆ ಭಾಗವಾಗುವುದಿಲ್ಲ. ಭಾಗಕ್ಕೆ ನೋಂದಾಯಿತ ವಿಭಾಗಪತ್ರ ಬೇಕು, ಸರ್ವೆ ನಂಬರಿನ ಒಂದು ಅಂಶವನ್ನು ಬೇರೆ ಮಾಡಲು 11ಇ ನಕ್ಷೆ ಬೇಕು. ಗಡಿಯ ಬಗ್ಗೆ ಸಂಶಯವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವರಿಂದ ಅಳೆಸಬಹುದು. ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ ಇದೆಲ್ಲ ಸುಲಭ.

ಸೈಟು ಕೊಳ್ಳುವ ಮುನ್ನ

ಕೃಷಿ ಜಮೀನಿನಲ್ಲಿ ಕಲ್ಲು ನೆಟ್ಟ ಮಾತ್ರಕ್ಕೆ ಅದು ನಿವೇಶನವಾಗುವುದಿಲ್ಲ. 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಿರಬೇಕು, ಬಡಾವಣೆಯ ನಕ್ಷೆಗೆ ಮಂಜೂರಾತಿ ಇರಬೇಕು. ಪಂಚಾಯತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೇ ಎಂದು ಕೇಳಿ. 11ಬಿ ಎಂಬುದು ಬೇರೆ ವರ್ಗ. ಎರಡೂ ಒಂದೇ ಎಂದು ಮಾರುವವರು ಹೇಳಿದರೆ ನಂಬಬೇಡಿ.

ಬರೀ ಮುಖ್ತಿಯಾರ್‌ನಾಮೆಯ ಮೇಲೆ ಕೊಂಡ ಜಾಗಕ್ಕೆ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ನಿಷೇಧಿಸುತ್ತದೆ. ಅಂಥ ಮಾರಾಟ ಅಸಿಂಧು. ಕೊಂಡವರ ಹಣವೂ ಹೋಗುತ್ತದೆ, ಮಾರಿದ ಬಡವರು ಕಚೇರಿಗೆ ಅಲೆಯುವುದೂ ತಪ್ಪುವುದಿಲ್ಲ.

ಊರೊಳಗಿನ ಮನೆಯ ಕಥೆ ಬೇರೆ. ಗ್ರಾಮಠಾಣದ ಹಳೆಯ ಮನೆಗಳನ್ನು ಹೊಲಗಳಂತೆ ಒಂದೊಂದಾಗಿ ಅಳೆದಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ‘ಸ್ವಾಮಿತ್ವ’ ಯೋಜನೆಯಲ್ಲಿ ಡ್ರೋನ್ ಹಾರಿಸಿ ಮನೆಮನೆಯ ಗಡಿ ಗುರುತಿಸಲಾಗುತ್ತದೆ. ಅಳತೆಯವರು ಬಂದ ದಿನ ಮನೆಯವರು ಮನೆಯಲ್ಲಿರಬೇಕು. ಬೀಗ ಹಾಕಿದ ಮನೆಯ ಗಡಿಯನ್ನು ಪಕ್ಕದವರೇ ತೋರಿಸಬೇಕಾದೀತು.

ನಕಾಶೆ ಮರೆಯದ ನೀರು

ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಅದರ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ. ಮೂರು ತಲೆಮಾರು ನೀರು ಕಾಣದ ಜಾಗದಲ್ಲಿ ಜನ ಮನೆ ಕಟ್ಟಿದ್ದರು, ತೋಟ ಮಾಡಿದ್ದರು. ಆ ವರ್ಷ ಹಿರಿಯೂರಿನ ತಗ್ಗುಪ್ರದೇಶಗಳಿಗೂ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ತೋಟಗಳಿಗೂ ನೀರು ನುಗ್ಗಿತು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿ ಹರಿಯಿತು.

ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ಸೋಜಿಗವಿಲ್ಲ. ನೀರು ತಗ್ಗನ್ನೇ ಹುಡುಕುತ್ತದೆ, ತಗ್ಗು ಸುಲಭವಾಗಿ ಬದಲಾಗುವುದಿಲ್ಲ. ಹತ್ತು ವರ್ಷ ಒಣಗಿದ ಹಳ್ಳವೂ ಹಳ್ಳವೇ. ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ, ಬಂಡಿದಾರಿಗಳ ಗುರುತು ಇರುತ್ತದೆ. ಮನೆ ಕಟ್ಟುವ ಮುನ್ನ ಆ ನಕಾಶೆಯನ್ನು ಒಮ್ಮೆ ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ.

ದಿನನಿತ್ಯದ ಭದ್ರತೆ

ಪಟ್ಟಣ ಬೆಳೆದಷ್ಟು ಬೇಗ ಚರಂಡಿ ಬೆಳೆಯುವುದಿಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ನಲ್ಲಿ ನೀರಿನ ಬಣ್ಣ, ವಾಸನೆ ಬದಲಾದರೆ ಪಂಚಾಯತಿಗೋ ನಗರಸಭೆಗೋ ಆ ದಿನವೇ ತಿಳಿಸಿ. ನೀರು ತಿಳಿಯಾಗಿ ಕಂಡರೂ ರೋಗಾಣು ಇರಬಹುದು, ಆದ್ದರಿಂದ ಸಂಶಯವಿದ್ದಾಗ ಕುದಿಸಿಯೇ ಕುಡಿಯಿರಿ.

ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ಮುಟ್ಟದೆ 1912ಕ್ಕೆ ಕರೆ ಮಾಡಿ. ಕಳ್ಳತನ, ಬೆಂಕಿ, ಅಪಘಾತಗಳಿಗೆ 112. ಜಾತ್ರೆಗೋ ಮದುವೆಗೋ ಮನೆಗೆ ಬೀಗ ಹಾಕಿ ಹೋಗುವಾಗ ಪಕ್ಕದವರಿಗೆ ಹೇಳಿ ಹೋಗಿ. ಪಕ್ಕದವರು ಹೊಸಬರಾಗಿದ್ದರೆ, ಪರಿಚಯ ಮಾಡಿಕೊಳ್ಳಲು ಅದೇ ಒಳ್ಳೆಯ ನೆಪ.

ಕೊನೆಯದಾಗಿ ಒಂದು ವಿನಂತಿ. ಮನೆಯಲ್ಲಿ ವಯಸ್ಸಾದ ದೊಡ್ಡಪ್ಪನೋ ಅಜ್ಜಿಯೋ ಇದ್ದರೆ, ಬಿಡುವಿನ ದಿನ ಅವರನ್ನು ಕರೆದುಕೊಂಡು ಹೊಲಕ್ಕೆ ಹೋಗಿ. ನಾಲ್ಕೂ ಮೂಲೆಯ ಕಲ್ಲು ಎಲ್ಲಿದೆ, ಪಕ್ಕದ ಬದು ಯಾರದು, ಹಳ್ಳದ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮರುದಿನ ಪಹಣಿಯನ್ನೂ ನಕಾಶೆಯನ್ನೂ ತಂದು ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ, ಕೇಳಿ ಸರಿಪಡಿಸಿಕೊಳ್ಳಲು ಹೇಳುವವರು ಇನ್ನೂ ನಿಮ್ಮೊಂದಿಗಿದ್ದಾರೆ.