ಮಲಗಿ ತುಂಬುವ ಕೋವಿ

ಬಾಯಿಂದ ಮದ್ದು ತುಂಬುವ ಕೋವಿಯನ್ನು ಮಲಗಿಕೊಂಡು ತುಂಬುವುದು ಆಗದ ಮಾತೇನಲ್ಲ, ಆದರೆ ಅದೊಂದು ಸರ್ಕಸ್ಸು. ಮಲೆನಾಡಿನಲ್ಲಿ ಕೇಪಿನ ಕೋವಿ ಹಿಡಿದು ಪಳಗಿದ ಯಾರನ್ನಾದರೂ ಕೇಳಿ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಬೇಕು, ಮದ್ದು ಸುರಿಯಬೇಕು, ಗುಂಡು ಹಾಕಿ ಗಜದಿಂದ ಜಡಿಯಬೇಕು, ಗಜವನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಬೇಕು, ಆಮೇಲೆ ಕೇಪು ಕೂರಿಸಬೇಕು. ಅಲ್ಲಿಯವರೆಗೂ ಮನುಷ್ಯ ನಿಂತಿರುವುದೇ ಸಲೀಸು. ಯುರೋಪಿನ ಪದಾತಿ ಸೈನಿಕರು ಎದುರಾಳಿಯ ಗುಂಡಿನ ಮುಂದೆ ತಲೆಮಾರುಗಟ್ಟಲೆ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಇತಿಹಾಸಕಾರರು ಅದಕ್ಕೆ ಶಿಸ್ತು, ಶೌರ್ಯ ಎಂದೆಲ್ಲ ಹೆಸರಿಟ್ಟರು. ಅದರಲ್ಲಿ ಅರ್ಧ ಪಾಲು ಆ ಗಜದ ಕಡ್ಡಿಯದು ಎಂದು ನನ್ನ ಗುಮಾನಿ.

ಹಾಗಾದರೆ ಹಿಂದಿನಿಂದ ಯಾಕೆ ತುಂಬಬಾರದು? ಈ ಯೋಚನೆ ಕೋವಿಯಷ್ಟೇ ಹಳೆಯದು. 1776ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಫರ್ಗುಸನ್ ಎಂಬ ಸೇನಾಧಿಕಾರಿ ಇಂಗ್ಲೆಂಡಿನ ವುಲಿಚ್‌ನಲ್ಲಿ, ಮಳೆಗಾಳಿಯ ನಡುವೆ, ತನ್ನ ಕೋವಿಯಿಂದ ನಿಮಿಷಕ್ಕೆ ನಾಲ್ಕು ಗುಂಡು ಹಾರಿಸಿ ತೋರಿಸಿದ್ದ. ಟ್ರಿಗರ್ ಕಾಪನ್ನು ಒಂದು ಸುತ್ತು ತಿರುಗಿಸಿದರೆ ದೊಡ್ಡದೊಂದು ತಿರುಪು ಕೆಳಗಿಳಿದು ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತಿತ್ತು. ತಯಾರಾದದ್ದು ಸುಮಾರು ನೂರು ಕೋವಿಗಳಷ್ಟೇ. ಮರುವರ್ಷ ಅಮೆರಿಕದ ಬ್ರಾಂಡಿವೈನ್ ಕದನದಲ್ಲಿ ಫರ್ಗುಸನ್ನನ ಬಲ ಮೊಣಕೈಗೆ ಗುಂಡು ಬಿತ್ತು, ಅವನ ತುಕಡಿಯನ್ನು ಬರಖಾಸ್ತು ಮಾಡಿದರು. 1780ರಲ್ಲಿ ಅವನೂ ಸತ್ತ. ಆ ಕೋವಿಯ ಕಥೆ ಅಲ್ಲಿಗೆ ಮುಗಿಯಿತು.

ಯಂತ್ರದ ತೊಡಕು ನಿಜಕ್ಕೂ ಇತ್ತು. ನಳಿಗೆಯ ಹಿಂಬದಿಯನ್ನು ತೆರೆಯುವುದು ಸುಲಭ, ಮುಚ್ಚುವುದು ಕಷ್ಟ. ಮದ್ದು ಸಿಡಿದಾಗ ಹುಟ್ಟುವ ಉರಿಗಾಳಿ ಎಲ್ಲಿ ಸಂದು ಸಿಕ್ಕರೆ ಅಲ್ಲಿ ನುಗ್ಗುತ್ತದೆ. ಅದು ನುಗ್ಗುವ ಕಡೆ ಇರುವುದು ಹಾರಿಸುವವನ ಕೆನ್ನೆ. ಜೊತೆಗೆ ಕರಿಮದ್ದು ಉಳಿಸಿಹೋಗುವ ಮಸಿ ಬೇರೆ. ಹತ್ತಿಪ್ಪತ್ತು ಈಡಿನೊಳಗೆ ತಿರುಪು, ಕೀಲು ಎಲ್ಲವೂ ಬಿಗಿದು ಕೂರುತ್ತಿದ್ದವು.

ಇದಕ್ಕೆ ಸೈನ್ಯವೊಂದು ಒಪ್ಪುವಂಥ ಉತ್ತರ ಕೊಟ್ಟವನು ಜರ್ಮನಿಯ ಸೋಮರ್ಡಾ ಊರಿನ ಬೀಗದ ಕುಶಲಕರ್ಮಿಯ ಮಗ, ಯೋಹಾನ್ ನಿಕೊಲಾಸ್ ಡ್ರೈಸೆ. ಪ್ಯಾರಿಸ್ಸಿನಲ್ಲಿ ಪಾವ್ಲಿ ಎಂಬ ಸ್ವಿಸ್ ಕೋವಿಗಾರನ ಕಾರ್ಯಾಗಾರದಲ್ಲಿ ದುಡಿದು ಬಂದವನು. 1836ರ ಹೊತ್ತಿಗೆ ಅವನ ಸೂಜಿ ಕೋವಿ ಹಿಂದಿನಿಂದ ತುಂಬುವ ರೂಪಕ್ಕೆ ಬಂದಿತ್ತು. ಬಾಗಿಲ ಅಗಳಿಯನ್ನು ಹಿಂದಕ್ಕೆಳೆದಂತೆ ಬೋಲ್ಟ್ ಎಳೆದು, ಕಾಗದದ ತೋಟೆ ಇಟ್ಟು, ಮುಂದಕ್ಕೆ ತಳ್ಳಿ ಹಿಡಿಯನ್ನು ಮಗ್ಗುಲಿಗೆ ಮಡಚಿದರೆ ಮುಗಿಯಿತು. ಟ್ರಿಗರ್ ಎಳೆದಾಗ ಉದ್ದನೆಯ ಸೂಜಿಯೊಂದು ಕಾಗದವನ್ನು ಚುಚ್ಚಿ, ಮದ್ದನ್ನೂ ದಾಟಿ, ಗುಂಡಿನ ಬುಡದಲ್ಲಿದ್ದ ಕೇಪಿಗೆ ಬಡಿಯುತ್ತಿತ್ತು. ಹಾಗಾಗಿ ಪ್ರತಿ ಸಲವೂ ಸೂಜಿ ಉರಿಯ ನಡುವೆಯೇ ಬೇಯುತ್ತಿತ್ತು, ಆಗಾಗ ಮುರಿಯುತ್ತಿತ್ತು. ಸೈನಿಕನ ಬಳಿ ಬದಲಿ ಸೂಜಿಗಳಿರುತ್ತಿದ್ದವು. ಉರಿಗಾಳಿಯ ಸೋರಿಕೆಯೂ ಪೂರ್ತಿ ನಿಲ್ಲಲಿಲ್ಲ. ಮುಖ ಸುಟ್ಟುಕೊಳ್ಳುವ ಭಯಕ್ಕೆ ಕೋವಿಯನ್ನು ಸೊಂಟದ ಮಟ್ಟದಲ್ಲೇ ಹಿಡಿದು ಹಾರಿಸುವವರೂ ಇದ್ದರು. ಇಷ್ಟೆಲ್ಲ ಕುಂದಿದ್ದರೂ ಪ್ರಷ್ಯಾದ ದೊರೆ 60,000 ಕೋವಿಗಳಿಗೆ ಆದೇಶ ಕೊಟ್ಟ. ಗುಟ್ಟು ರಟ್ಟಾಗದಿರಲೆಂದು ಕಡತಗಳಲ್ಲಿ ಅದನ್ನು 1841ರ ಮಾದರಿಯ 'ಹಗುರ ಕೇಪಿನ ಕೋವಿ' ಎಂದು ಬರೆದರು.

ಉಳಿದ ದೇಶಗಳಿಗೆ ಇದರ ಸುದ್ದಿ ಮುಟ್ಟಲಿಲ್ಲವೆಂದಲ್ಲ. ಮುಟ್ಟಿತು, ಬೇಡವೆಂದವು. ಸೋರಿಕೆ, ಸೂಜಿ, ಖರ್ಚು ಎಂಬ ಕಾರಣಗಳ ಜೊತೆ ಎಲ್ಲ ರಾಜಧಾನಿಗಳಲ್ಲೂ ಕೇಳಿಬರುತ್ತಿದ್ದ ಇನ್ನೊಂದು ಮಾತಿತ್ತು: ಬೇಗ ಹಾರಿಸಲು ಬಂದರೆ ಸಿಪಾಯಿ ಗುರಿಯಿಡುವುದಿಲ್ಲ, ಇದ್ದಬದ್ದ ತೋಟೆಯನ್ನೆಲ್ಲ ಹತ್ತು ನಿಮಿಷದಲ್ಲಿ ಖಾಲಿ ಮಾಡುತ್ತಾನೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಶಸ್ತ್ರಾಸ್ತ್ರ ಮುಖ್ಯಸ್ಥ ಜೇಮ್ಸ್ ರಿಪ್ಲೆ ಕೂಡ ಇಂಥ ಮಾತಾಡಿಯೇ ಹೊಸ ಕೋವಿಗಳಿಗೆ ಅಡ್ಡ ನಿಂತ. ಕೋವಿಯ ಮೇಲಿನ ಅನುಮಾನಕ್ಕಿಂತ ಅದನ್ನು ಹಿಡಿಯುವವನ ಮೇಲಿನ ಅನುಮಾನವೇ ದೊಡ್ಡದಿತ್ತು. ಮಲಗಿದವನನ್ನು ಮತ್ತೆ ಎಬ್ಬಿಸಿ ಮುಂದೆ ನಡೆಸುವುದು ಹೇಗೆ ಎಂಬ ಚಿಂತೆಯೂ ಸೇನಾಪತಿಗಳಿಗಿತ್ತು.

ಇದಕ್ಕೆಲ್ಲ ಉತ್ತರ ಸಿಕ್ಕಿದ್ದು ರಣರಂಗದಲ್ಲಿ. 1864ರ ಜುಲೈ 3ರಂದು ಡೆನ್ಮಾರ್ಕಿನ ಲುಂಡ್‌ಬಿ ಎಂಬ ಹಳ್ಳಿಯಲ್ಲಿ ಡೇನರ ಒಂದು ತುಕಡಿ ಬಯೊನೆಟ್ ಚಾಚಿಕೊಂಡು ಏರಿಹೋಯಿತು. ಸೂಜಿ ಕೋವಿ ಹಿಡಿದು ಮಣ್ಣಿನ ದಿಣ್ಣೆಯ ಮರೆಯಲ್ಲಿದ್ದ ಪ್ರಷ್ಯನ್ನರು ಅವರಿಗಿಂತ ಕಡಿಮೆ ಮಂದಿ. ಹಳೆಯ ಲೆಕ್ಕದಲ್ಲಿ, ಮೊದಲ ಸುತ್ತಿನ ಗುಂಡು ಮುಗಿದು ಎದುರಾಳಿ ಮತ್ತೆ ತುಂಬಿಕೊಳ್ಳುವಷ್ಟರಲ್ಲಿ ಅವನ ಮೇಲೆ ಬೀಳಬಹುದು. ಇಲ್ಲಿ ಮೊದಲನೆಯ ಸುತ್ತಿನ ಬೆನ್ನಿಗೇ ಎರಡನೆಯದು, ಮೂರನೆಯದು ಬಂದವು. ಡೇನರಲ್ಲಿ ಸುಮಾರು ಅರ್ಧ ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ಪ್ರಷ್ಯನ್ನರ ಕಡೆ ಗಾಯಗೊಂಡವರು ಮೂವರು.

ಸರಿಯಾಗಿ ಎರಡು ವರ್ಷಕ್ಕೆ, 1866ರ ಜುಲೈ 3ರಂದು, ಬೊಹೇಮಿಯದ ಕೋನಿಗ್‌ಗ್ರೇಟ್ಸ್‌ನಲ್ಲಿ ಪ್ರಷ್ಯನ್ನರೂ ಆಸ್ಟ್ರಿಯನ್ನರೂ ಎದುರಾದಾಗ ಅದೇ ಪಾಠ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ತಮಾಷೆಯೆಂದರೆ, ಬಾಯಿಂದ ತುಂಬುತ್ತಿದ್ದ ಆಸ್ಟ್ರಿಯನ್ನರ ಲೊರೆಂಜ್ ಕೋವಿ ದೂರದಲ್ಲೂ ಗುರಿಯಲ್ಲೂ ಡ್ರೈಸೆಗಿಂತ ಮೇಲು. ಅವರ ಫಿರಂಗಿಗಳೂ ಅಂದು ಮೇಲುಗೈ ಸಾಧಿಸಿದ್ದವು. ಆದರೆ ಪದಾತಿಗಳಿಗೆ ಕಲಿಸಿದ್ದು ಒತ್ತಾಗಿ ನಿಂತು ಬಯೊನೆಟ್‌ನಿಂದ ನುಗ್ಗುವುದನ್ನು. 1859ರಲ್ಲಿ ಫ್ರೆಂಚರು ತಮ್ಮನ್ನು ಹಾಗೆ ಸೋಲಿಸಿದ್ದನ್ನು ನೋಡಿ ಕಲಿತ ಪಾಠ ಅದು. ಸ್ವೀಪ್‌ವಾಲ್ಡ್ ಕಾಡಿನೊಳಗೆ ನೂರು ಗಜ ದೂರಕ್ಕೆ ಕಣ್ಣು ಹಾಯದ ಕಡೆ, ಲೊರೆಂಜಿನ ದೂರದ ಗುರಿ ಯಾವ ಕೆಲಸಕ್ಕೂ ಬರಲಿಲ್ಲ. ಮರದ ಬುಡದಲ್ಲಿ ಮಲಗಿಯೋ ಮಂಡಿಯೂರಿಯೋ ಹಾರಿಸುತ್ತಿದ್ದವರ ಮುಂದೆ ಬೆಟಾಲಿಯನ್ ಮೇಲೆ ಬೆಟಾಲಿಯನ್ ಕರಗಿತು. ಸೆರೆಸಿಕ್ಕವರೂ ಸೇರಿ ಆಸ್ಟ್ರಿಯನ್ನರ ಕಡೆಯ ನಷ್ಟ 40,000 ದಾಟಿತು. ಪ್ರಷ್ಯನ್ನರದು ಸುಮಾರು 9,000. ಗೆಲುವಿಗೆ ಪ್ರಷ್ಯಾದ ಸೇನಾನಾಯಕ ಮೋಲ್ಟ್ಕೆಯ ಯೋಜನೆ, ರೈಲು, ಆಸ್ಟ್ರಿಯದ ಸೇನಾಪತಿಯ ಗೊಂದಲ ಎಲ್ಲವೂ ಕಾರಣ. ಪತ್ರಿಕೆಗಳು ಮಾತ್ರ ಸೂಜಿ ಕೋವಿಯೊಂದನ್ನೇ ಕೊಂಡಾಡಿದವು.

ಆಮೇಲೆ ಎಲ್ಲರಿಗೂ ಅವಸರ. ಫ್ರಾನ್ಸ್ ಅದೇ ವರ್ಷ ಶಾಸ್ಪೊ ಕೋವಿಯನ್ನು ಒಪ್ಪಿಕೊಂಡಿತು. ಅದರ ಬೋಲ್ಟಿಗೆ ರಬ್ಬರಿನ ಬಳೆಯಿತ್ತು. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು, ಗ್ಯಾಸ್ಕೆಟ್ಟಿನ ಹಾಗೇ ಸವೆಯುತ್ತಲೂ ಇತ್ತು. ಬ್ರಿಟಿಷರು ಅಗ್ಗದ ದಾರಿ ಹಿಡಿದರು. ತಮ್ಮಲ್ಲಿ ರಾಶಿಯಿದ್ದ ಎನ್‌ಫೀಲ್ಡ್ ಕೋವಿಗಳ ಹಿಂಬದಿ ಕತ್ತರಿಸಿ, ಮಗ್ಗುಲಿಗೆ ತೆರೆಯುವ ಬಾಗಿಲೊಂದನ್ನು ಕೂರಿಸಿದರು. ಉಪಾಯ ಅಮೆರಿಕದ ಜೇಕಬ್ ಸ್ನೈಡರನದು, ಮೂಲತಃ ದ್ರಾಕ್ಷಾರಸದ ವ್ಯಾಪಾರಿ. ಸರ್ಕಾರ ಹಣಕ್ಕೆ ಸತಾಯಿಸುತ್ತಿರುವಾಗಲೇ ಅವನು 1866ರಲ್ಲಿ ಬಡತನದಲ್ಲಿ ತೀರಿಕೊಂಡ. ಸೋರಿಕೆಗೆ ನಿಜವಾದ ಮದ್ದು ಸಿಕ್ಕಿದ್ದೂ ಇಲ್ಲೇ: ವುಲಿಚ್‌ನ ಬಾಕ್ಸರ್ ಎಂಬ ಅಧಿಕಾರಿ ಮಾಡಿದ ಹಿತ್ತಾಳೆ ತೋಟೆ. ಮದ್ದು ಸಿಡಿದಾಗ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಂಡು ಸಂದನ್ನೆಲ್ಲ ತಾನೇ ಮುಚ್ಚುತ್ತದೆ.

ಈ ಎನ್‌ಫೀಲ್ಡ್ ನಮಗೆ ಅಪರಿಚಿತವಲ್ಲ. 1857ರಲ್ಲಿ ಕೊಬ್ಬು ಸವರಿದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿ ಬಂದದ್ದು ಇದೇ ಕೋವಿಗಾಗಿ. ಗೀರುಳ್ಳ ನಳಿಗೆಯೊಳಗೆ ಬಾಯಿಂದ ಗುಂಡು ಜಾರಬೇಕಾದರೆ ಜಿಡ್ಡು ಬೇಕೇ ಬೇಕು. ಹಿಂದಿನಿಂದ ತುಂಬುವಂತಾದ ಮೇಲೆ ಕಚ್ಚುವ ಕೆಲಸವೇ ಇಲ್ಲ. ಹಾಗೆಂದು ಈ ಸ್ನೈಡರ್ ಕೋವಿ ನೇರವಾಗಿ ಭಾರತೀಯ ಸಿಪಾಯಿಯ ಕೈಗೆ ಬರಲಿಲ್ಲ. 1857ರ ದಂಗೆಯ ನಂತರ ಅವನಿಗೆಂದೇ ಗೀರುಗಳಿಲ್ಲದ ನುಣ್ಣನೆಯ ನಳಿಗೆಯ ಎನ್‌ಫೀಲ್ಡ್ ತಯಾರಿಸಿದ್ದರು. ನೋಡಲು ಅದೇ ಕೋವಿ, ಗುರಿ ಮಾತ್ರ ಹಿಂದಿನ ಕಾಲದ್ದು.

1868ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನಾಪತಿ ನೇಪಿಯರನ ದಂಡು ಮುಂಬಯಿಯಿಂದ ಹೊರಟು ಇಥಿಯೋಪಿಯದ ಮಗ್ದಲ ಕೋಟೆ ತಲುಪಿದಾಗ ಈ ವ್ಯತ್ಯಾಸ ಒಂದೇ ಕಣದಲ್ಲಿ ಕಾಣಿಸಿತು. ಅರೋಗೆ ಬಯಲಿನಲ್ಲಿ ಗೋರಾ ಪಲ್ಟನ್ನಿನ ಸ್ನೈಡರ್‌ಗಳು ಚಕ್ರವರ್ತಿ ತೆವೊದ್ರೊಸನ ಮಂದಿಯನ್ನು ಸಾಲುಸಾಲಾಗಿ ಕೆಡವಿದವು. ಪಕ್ಕದಲ್ಲಿದ್ದ ಪಂಜಾಬಿ ಪಯೋನಿಯರ್‌ಗಳು ಬಾಯಿಂದ ತುಂಬುವ ಕೋವಿ ಮತ್ತು ಬಯೊನೆಟ್‌ಗಳಲ್ಲೇ ಕೈಕೈ ಮಿಲಾಯಿಸಬೇಕಾಯಿತು.  1870ರ ದಶಕದಲ್ಲಿ ಗೋರಾ ಪಲ್ಟನ್‌ಗಳಿಗೆ ಮಾರ್ಟಿನಿ-ಹೆನ್ರಿ ಕೋವಿ ಬಂದ ಮೇಲೆ ಅವರು ಬಿಟ್ಟ ಸ್ನೈಡರ್ ಭಾರತೀಯ ಸಿಪಾಯಿಗೆ ಸಿಕ್ಕಿತು. ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವನಿಗೆ ಮಾರ್ಟಿನಿ. ಇಪ್ಪತ್ತನೆಯ ಶತಮಾನ ಹುಟ್ಟುವವರೆಗೂ ಒಂದು ಮೆಟ್ಟಿಲು ಕೆಳಗೇ ಇಡುವ ಈ ಲೆಕ್ಕ ತಪ್ಪಲಿಲ್ಲ.