ಶಾಲ್ಮಲಾ ದಂಡೆಯಿಂದ ಧಾರಾವಾಹಿಯ ಮನೆಗೆ

ಶಿರಸಿಯಿಂದ ಯಲ್ಲಾಪುರದ ರಸ್ತೆ ಹಿಡಿದರೆ ಪೇಟೆ ಮುಗಿಯುವುದು ಗೊತ್ತೇ ಆಗುವುದಿಲ್ಲ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಕಣಿವೆಯುದ್ದಕ್ಕೂ ಅಡಿಕೆ ತೋಟ, ನಡುವೆ ಅಂಗಳಕ್ಕೆ ಅಟ್ಟ ಹಾಕಿದ ಹೆಂಚಿನ ಮನೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳದಷ್ಟು ದೂರದಲ್ಲಿ ಜನ ಬದುಕುವ ಸೀಮೆ ಇದು. ಇಂಥಲ್ಲಿಂದ ಕನ್ನಡದ ತೆರೆಗೆ ಹೋದವರಲ್ಲಿ ನಟ ರಾಮಕೃಷ್ಣ ಒಬ್ಬರು. ಶಿರಸಿ ತಾಲ್ಲೂಕಿನ ನೀರ್ನಳ್ಳಿಯವರು. ಊರಿನ ಹೆಸರು ಸೇರಿಸಿ ನೀರ್ನಳ್ಳಿ ರಾಮಕೃಷ್ಣ ಎಂದೇ ಇಲ್ಲಿಯವರು ಕರೆಯುತ್ತಾರೆ. ಸಿನಿಮಾದ ನಾಯಕನಾಗಿ ಶುರುವಾಗಿ ಧಾರಾವಾಹಿಯ ಹಿರಿಯನಾಗಿ ಮುಂದುವರಿದ ಈ ನಟನ ಹಿಂದೆ ಎಂಥ ನೆಲವಿದೆ ಎಂದು ನೋಡುವ ಆಸೆಯಿಂದ ನಾನು ಸ್ವರ್ಣವಲ್ಲಿಯ ದಾರಿ ಹಿಡಿದೆ.

ದಾರಿಯಲ್ಲಿ ಮೊದಲು ಸಿಗುವುದು ಸಹಸ್ರಲಿಂಗ. ಮಳೆಗಾಲ ಕಳೆದು ಶಾಲ್ಮಲಾ ಹೊಳೆ ಇಳಿದ ಮೇಲೆ ಬರಬೇಕು. ಹೊಳೆಯ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೆ ಪುಟ್ಟ ನಂದಿ. ಸೋದೆಯ ಅರಸರು ಕಡೆಸಿದ್ದು ಎನ್ನುತ್ತಾರೆ. ನೀರು ಇಳಿದಷ್ಟೂ ಒಂದೊಂದೇ ಲಿಂಗ ತಲೆ ಎತ್ತುತ್ತದೆ. ಅಲ್ಲಿಂದ ಮುಂದೆ ಸೋದೆ ಎಂದೂ ಕರೆಯುವ ಸೋಂದಾ. ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಈ ಊರಿನಲ್ಲಿ ವಾದಿರಾಜರ ಮಠ, ಜೈನ ಮಠ, ಸ್ವರ್ಣವಲ್ಲಿ ಮಠ ಮೂರೂ ಇವೆ. ಅರಸೊತ್ತಿಗೆ ಹೋಯಿತು, ಕೋಟೆಯಲ್ಲಿ ಕಾಡು ಬೆಳೆಯಿತು, ಮಠಗಳು ಉಳಿದವು.

ಸ್ವರ್ಣವಲ್ಲಿಯಲ್ಲಿ ಶಂಕರ ಪರಂಪರೆಯ ಮಠವಿದೆ. ವೈಶಾಖದ ನೃಸಿಂಹ ಜಯಂತಿಯ ಹೊತ್ತಿಗೆ ಇಲ್ಲಿ ನಡೆಯುವ ಕೃಷಿ ಜಯಂತಿಗೆ ಮೂರು ತಾಲ್ಲೂಕಿನ ತೋಟಿಗರು ಬರುತ್ತಾರೆ. ಅಡಿಕೆಯ ರೋಗ, ಕಾಳುಮೆಣಸಿನ ಧಾರಣೆಯ ಮಾತೂ ದೇವರ ರಥವೂ ಒಂದೇ ಅಂಗಳದಲ್ಲಿ. ನನ್ನ ಕುತೂಹಲವಿದ್ದದ್ದು ಮಠದ ಇನ್ನೊಂದು ಕೆಲಸದ ಮೇಲೆ. ಯಕ್ಷ ಶಾಲ್ಮಲಾ ಎಂಬ ಸಂಸ್ಥೆ ಇಲ್ಲಿ ಯಕ್ಷೋತ್ಸವ, ತಾಳಮದ್ದಲೆ ನಡೆಸುತ್ತದೆ, ಎಳೆಯರಿಗೆ ಸ್ಪರ್ಧೆ ಇಡುತ್ತದೆ. ಈ ಸೀಮೆಯಲ್ಲಿ ಇದು ಹೊಸದೇನಲ್ಲ. ಕೆರೇಕೈ ಕೃಷ್ಣ ಭಟ್ಟರು ಅರ್ಥ ಹೇಳಿದ ಸಿದ್ದಾಪುರ ಇಲ್ಲೇ ಇದೆ. ಮೇಳದ ಭಾಗವತಿಕೆ ಮಾಡಿ, ಪ್ರಸಂಗ ಬರೆದು, ಅಂಧರಿಗೂ ಕುಣಿತ ಕಲಿಸಿದ ಹೊಸ್ತೋಟ ಮಂಜುನಾಥ ಭಾಗವತರು (1940–2020) ಬಾಳಿದ್ದೂ ಇದೇ ಸೀಮೆಯಲ್ಲಿ. ಇಲ್ಲಿ ಮಗು ಮಾತು ಕಲಿಯುವ ಹೊತ್ತಿಗೇ ಕರ್ಣ, ಕೌರವ, ಸುಧನ್ವರ ಮಾತು ಕಿವಿಗೆ ಬಿದ್ದಿರುತ್ತದೆ. ವೇಷ ಕಟ್ಟದವನೂ ಪಾತ್ರ ಎಂದರೇನು ಎಂದು ಬಲ್ಲ.

ರಾಮಕೃಷ್ಣ ತೆರೆಗೆ ಬಂದದ್ದು 1977ರ ‘ಬಭ್ರುವಾಹನ’ದಲ್ಲಿ, ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ. ರಾಜ್‌ಕುಮಾರ್ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಅಪ್ಪ ಮಗನ ಆ ಘೋರ ಜಗಳವನ್ನು ಬಗೆಹರಿಸಬೇಕಾದ ಕೃಷ್ಣನಾಗಿ ನೀರ್ನಳ್ಳಿಯ ಯುವಕ. ಬಭ್ರುವಾಹನ ಕಾಳಗ ಬಯಲಾಟದಲ್ಲಿ ಜನ ರಾತ್ರಿಯಿಡೀ ಕೂತು ನೋಡುವ ಪ್ರಸಂಗ. ಆಟದಲ್ಲಿ ನೂರು ಕೃಷ್ಣರನ್ನು ಕಂಡ ಜನ ತಮ್ಮ ಕಡೆಯ ಹುಡುಗನನ್ನು ಬಿಳಿ ಪರದೆಯ ಮೇಲೆ ಅದೇ ವೇಷದಲ್ಲಿ ಕಂಡರು. ಮೊದಲ ಪಾತ್ರವಾಗಿ ಇದಕ್ಕಿಂತ ಹೊಂದುವಂಥದ್ದು ಸಿಗುವುದು ಕಷ್ಟ.

ಮುಂದಿನ ಜಿಗಿತ ನಿರ್ದೇಶಕ ಪುಟ್ಟಣ್ಣ ಕಣಗಾಲರ ಕೈಯಲ್ಲಿ. 1981ರ ‘ರಂಗನಾಯಕಿ’ಯಲ್ಲಿ ನಾಟಕ ಕಂಪನಿಯ ನಟಿಯಾಗಿ ಆರತಿ. ತಾಯಿ ಎಂದು ತಿಳಿಯದೆ ಅವಳತ್ತ ಸೆಳೆಯಲ್ಪಡುವ ಮಗನಾಗಿ ರಾಮಕೃಷ್ಣ. ಸ್ವಲ್ಪ ಹೆಚ್ಚಾದರೆ ಅಸಹ್ಯ, ಸ್ವಲ್ಪ ಕಡಿಮೆಯಾದರೆ ಸುಳ್ಳು. ಅಂಥ ಪಾತ್ರವನ್ನು ಹೊಸ ಹುಡುಗ ಹೊತ್ತು ನಿಂತದ್ದನ್ನು ಇವತ್ತು ನೋಡಿದರೂ ಬೆರಗಾಗುತ್ತದೆ. ಶಿರಸಿಗೆ ಮರಳಿ ಬಿಡಕಿಬೈಲಿನಲ್ಲಿ ನಿಂತಾಗ ನನಗೆ ಈ ಚಿತ್ರವೇ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ರಥವೇರಿ ಬಂದು ಕೂರುವ ಗದ್ದುಗೆ ಇಲ್ಲೇ. ಜಾತ್ರೆ ಬಂತೆಂದರೆ ನಾಟಕ ಕಂಪನಿಗಳು ತಗಡಿನ ಥಿಯೇಟರ್ ಎಬ್ಬಿಸುತ್ತವೆ, ಬಣ್ಣದ ಬೋರ್ಡು ಏರುತ್ತದೆ, ಮೈಕಿನಲ್ಲಿ ಹಗಲಿಡೀ ಕೂಗು. ರಂಗನಾಯಕಿಯಂಥ ಹೆಣ್ಣುಮಕ್ಕಳನ್ನು ಈ ಪೇಟೆ ಜಾತ್ರೆಯಿಂದ ಜಾತ್ರೆಗೆ ಕಂಡಿದೆ.

1982ರ ‘ಮಾನಸ ಸರೋವರ’, 1984ರ ‘ಅಮೃತ ಘಳಿಗೆ’ ಬಂದವು. ಮೆಲುದನಿಯ, ಕಣ್ಣಲ್ಲೇ ಸಂಕೋಚ ತುಂಬಿಕೊಂಡ ನಾಯಕ ಎಂದು ರಾಮಕೃಷ್ಣ ಹೆಸರಾದರು. 1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡರು. ಅವರು ಬೆಳೆಸಿದ ನಟರಿಗೆ ಅಂಥ ಪಾತ್ರ ಬರೆಯುವ ಕೈ ಮತ್ತೆ ಸುಲಭಕ್ಕೆ ಸಿಗಲಿಲ್ಲ. ಅಣ್ಣ, ಗಂಡ, ಒಳ್ಳೆಯ ಸ್ನೇಹಿತ, ಆಮೇಲೆ ಅಪ್ಪ. ಪೋಷಕ ನಟನ ಬಾಳು ಹೀಗೇ ಸಾಗುತ್ತದೆ. ಇದನ್ನು ಸೋಲು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಪುಂಡುವೇಷದವನು ವಯಸ್ಸಾದಂತೆ ಎರಡನೇ ವೇಷಕ್ಕೆ, ಆಮೇಲೆ ಭೀಷ್ಮನಿಗೆ ಬರುತ್ತಾನೆ. ಅಭಿಮನ್ಯುವಾಗಿ ಗೆದ್ದವನು ಭೀಷ್ಮನಾಗಿಯೂ ಗೆದ್ದರೆ ಅವನನ್ನು ದೊಡ್ಡ ಕಲಾವಿದ ಅನ್ನುತ್ತೇವೆ.

ಆ ಭೀಷ್ಮನ ಜಾಗವನ್ನು ನಮ್ಮ ನಟರಿಗೆ ಕೊಟ್ಟದ್ದು ಧಾರಾವಾಹಿ. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬಂದಾಗಿನ ಸಂಜೆಗಳನ್ನು ಮಲೆನಾಡಿನ ಯಾವ ಮನೆಯೂ ಮರೆತಿಲ್ಲ. ಅಡಿಕೆ ಮರದ ತುಂಡಿಗೆ ಆಂಟೆನಾ ಕಟ್ಟಿ, ಒಬ್ಬರು ಅಂಗಳದಲ್ಲಿ ಅದನ್ನು ತಿರುಗಿಸುವುದು, ಒಳಗಿದ್ದವರು ಬಂತು, ಹೋಯ್ತು ಅನ್ನುವುದು. ಆಮೇಲೆ ಡಿಶ್ ಬಂತು, ದಿನಕ್ಕೊಂದು ಕಂತು ಬಂತು.

ಕೊಯ್ಲಿನ ದಿನಗಳಲ್ಲಿ ಇಲ್ಲಿಯ ಒಂದು ಮನೆಯಲ್ಲಿ ರಾತ್ರಿ ಕೂತು ನೋಡಬೇಕು. ಜಗಲಿಯಲ್ಲಿ ಹಸಿ ಅಡಿಕೆಯ ರಾಶಿ. ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಮನೆಯವರು, ನೆರೆಯವರು, ಕೆಲಸಕ್ಕೆ ಬಂದವರು. ಕತ್ತಿಗೆ ಅಡಿಕೆ ತಾಗಿಸಿ ಸಿಪ್ಪೆ ಬಿಡಿಸುವ ಕೈ ಒಂದು ಗಳಿಗೆಯೂ ನಿಲ್ಲದು, ಕಣ್ಣು ಮಾತ್ರ ಟಿ.ವಿ. ಕಡೆ. ಈ ನೋಟಕ್ಕೆ ಒಂದು ಗುಣವಿದೆ. ಕೈ ಕೆಲಸದಲ್ಲಿರುವುದರಿಂದ ಜನ ನೋಡುವುದಕ್ಕಿಂತ ಕೇಳುವುದು ಹೆಚ್ಚು. ದನಿ ಸುಳ್ಳಾದರೆ ತಕ್ಷಣ ಗೊತ್ತಾಗುತ್ತದೆ. ತಾಳಮದ್ದಲೆ ಕೇಳಿ ಬೆಳೆದ ಕಿವಿಗಳು ಇವು, ವೇಷವಿಲ್ಲದೆ ಬರೀ ಮಾತಿನಿಂದಲೇ ರಾವಣನನ್ನು ಕಂಡವು. ಕಿರುತೆರೆಯ ನಟನಿಗೆ ಇದಕ್ಕಿಂತ ಕಠಿಣ ಪ್ರೇಕ್ಷಕರಿಲ್ಲ ಎಂದೇ ನನ್ನ ನಂಬಿಕೆ.

ಇನ್ನು ಆ ನಟ ದುಡಿಯುವ ಜಾಗ. ಶಿರಸಿಯಿಂದ ಸುಮಾರು 400 ಕಿ.ಮೀ. ದೂರದ ಬೆಂಗಳೂರು, ಅದರ ಅಂಚಿನಲ್ಲಿ ಚಿತ್ರೀಕರಣದ ಬಾಡಿಗೆ ಮನೆ. ಹಾಲ್, ಅಡುಗೆಮನೆ, ಮಹಡಿಯ ಮೆಟ್ಟಿಲು, ಇಷ್ಟರಲ್ಲೇ ವರ್ಷಗಟ್ಟಲೆ ಕಥೆ. ಒಂದು ಕಂತಿಗೆ ಇಪ್ಪತ್ತು ನಿಮಿಷದ ಚಿತ್ರಣ ಬೇಕು, ಅದು ಹೆಚ್ಚುಕಡಿಮೆ ಒಂದು ದಿನದಲ್ಲಿ ಆಗಬೇಕು. ದೃಶ್ಯದ ಹಾಳೆ ಬೆಳಿಗ್ಗೆ ಕೈಗೆ ಬರುತ್ತದೆ, ಕೆಲವೊಮ್ಮೆ ಲೈಟ್ ಹಾಕಿದ ಮೇಲೆ ಬರುತ್ತದೆ. ಕ್ಯಾಮೆರಾದ ಮಗ್ಗುಲಲ್ಲಿ ಸಹಾಯಕ ನಿರ್ದೇಶಕ ಸಾಲನ್ನು ಓದಿ ಹೇಳುತ್ತಾನೆ. ನಟ ಅದನ್ನು ಕಿವಿಯಲ್ಲಿ ಹಿಡಿದು, ಅರ್ಥ ಮಾಡಿಕೊಂಡು, ಕೇಳಿಸಿಕೊಂಡ ಗುರುತು ಮುಖದ ಮೇಲೆ ಕಾಣದಂತೆ ತನ್ನ ಮಾತಾಗಿ ಆಡಬೇಕು. ಭಾಗವತರು ಪದ್ಯ ಹೇಳಿ ಮುಗಿಸಿದೊಡನೆ ಅರ್ಥಧಾರಿ ಮಾತು ಎತ್ತಿಕೊಳ್ಳುವುದೂ ಹೀಗೆಯೇ. ಒಂದೇ ವ್ಯತ್ಯಾಸ: ಅರ್ಥಧಾರಿಗೆ ಮಾತು ಬೆಳೆಸುವ ಸ್ವಾತಂತ್ರ್ಯವುಂಟು, ಧಾರಾವಾಹಿಯವನಿಗೆ ಇಲ್ಲ. ಪೋಷಕ ನಟರು ಎಷ್ಟೋ ಸಲ ಬಟ್ಟೆಯನ್ನೂ ಮನೆಯಿಂದಲೇ ತರುತ್ತಾರೆ. ನಿನ್ನೆಯ ದೃಶ್ಯದ ಸೀರೆ, ಬಳೆ, ಕುಂಕುಮದ ಗಾತ್ರ ಇವತ್ತೂ ಹಾಗೇ ಇರಬೇಕು. ಗುರುವಾರ ಟಿ.ಆರ್.ಪಿ. ಬರುತ್ತದೆ. ಅಂಕಿ ಇಳಿದರೆ ಕಥೆ ತಿರುಗುತ್ತದೆ, ಕೆಲವರ ಪಾತ್ರ ಊರಿಗೆ ಹೋಗುತ್ತದೆ, ಕೆಲವರದು ಸಾಯುತ್ತದೆ. ದಿನಗೂಲಿಯ ಲೆಕ್ಕದಲ್ಲಿ ದುಡಿಯುವ ಕಲಾವಿದನಿಗೆ ಅದು ಬರೀ ಕಥೆಯಲ್ಲ, ಮುಂದಿನ ತಿಂಗಳ ಬಾಡಿಗೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿಗೆ ಚಿತ್ರೀಕರಣ ನಿಂತಾಗ ಈ ಕಷ್ಟ ಎಲ್ಲರಿಗೂ ಕಂಡಿತು.

ಇಷ್ಟೆಲ್ಲ ಇದ್ದೂ ಧಾರಾವಾಹಿ ನಟನಿಗೆ ಕೊಡಬಲ್ಲ ಒಂದು ಸಂಗತಿ ಸಿನಿಮಾದ ಕೈಲಾಗದು. ಅದು ಕಾಲ. ‘ಮಾನಸ ಸರೋವರ’ದಲ್ಲಿ ಶ್ರೀನಾಥ್ ಮನೋವೈದ್ಯ, ಪದ್ಮಾವಾಸಂತಿ ಅವನು ಗುಣಪಡಿಸಿದ ಹುಡುಗಿ. ವೈದ್ಯ ಅವಳನ್ನು ಪ್ರೀತಿಸುತ್ತಾನೆ, ಅವಳು ರಾಮಕೃಷ್ಣರ ಪಾತ್ರಕ್ಕೆ ಮನಸೋಲುತ್ತಾಳೆ, ವೈದ್ಯನಿಗೇ ಬುದ್ಧಿ ಕೆಡುತ್ತದೆ. ಚಿತ್ರ ಅಲ್ಲಿಗೆ ಮುಗಿದಿತ್ತು. 36 ವರ್ಷದ ಮೇಲೆ, 2018ರಲ್ಲಿ, ಶಿವರಾಜ್‌ಕುಮಾರ್ ಅವರ ಮನೆಯ ಶ್ರೀ ಮುತ್ತು ಸಿನಿ ಸರ್ವೀಸಸ್ ಅದೇ ಹೆಸರಿನ ಧಾರಾವಾಹಿಯನ್ನು ಉದಯ ಟಿ.ವಿ.ಗೆ ಮಾಡಿತು. ಕಥೆ ಸಿನಿಮಾ ಬಿಟ್ಟಲ್ಲಿಂದ ಮುಂದಕ್ಕೆ ಹೊರಟಿತು, ಮೂವರೂ ತಮ್ಮ ತಮ್ಮ ಪಾತ್ರಕ್ಕೇ ಮರಳಿದರು. ಆ ಬಿಳಿಗೂದಲಿಗೆ ಮೇಕಪ್ಪಿನವನ ಕೆಲಸವೇನೂ ಬೇಕಿರಲಿಲ್ಲ. ಯುವಕನಾಗಿ ಒಬ್ಬನ ಬಾಳು ಕೆಡಲು ಕಾರಣನಾದವನು ಮುಪ್ಪಿನಲ್ಲಿ ಆ ಭಾರ ಹೊತ್ತು ನಿಲ್ಲುವುದನ್ನು ಅದೇ ನಟ ಅದೇ ಮುಖದಿಂದ ತೋರಿಸುವ ಅವಕಾಶ ಜಗತ್ತಿನ ಎಷ್ಟು ಕಲಾವಿದರಿಗೆ ಸಿಕ್ಕೀತು? ಕಿರುತೆರೆಯನ್ನು ಕೀಳಾಗಿ ನೋಡುವವರಿಗೆ ನಾನು ಈ ಮೂವರನ್ನು ತೋರಿಸುತ್ತೇನೆ.

ನೀರ್ನಳ್ಳಿಯ ಹಾದಿ ಈಗ ಹಲವರು ತುಳಿಯುತ್ತಿದ್ದಾರೆ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತವರು ಕಿರುತೆರೆಯ ತುಂಬ ಇದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗ ಹುಡುಗಿಯರು ರಾತ್ರಿ ಬಸ್ಸು ಹತ್ತಿ ಆಡಿಷನ್‌ಗೆ ಹೋಗುತ್ತಾರೆ. ಅಲ್ಲಿ ಮೊದಲು ಬಿಡಬೇಕಾಗುವುದು ಮನೆಯಲ್ಲಿ ಆಡುವ ಮಾತಿನ ಧಾಟಿ. ಇದು ನನಗೆ ನಿಜಕ್ಕೂ ನೋವಿನ ವಿಷಯ. ವೈಶಾಲಿ ಕಾಸರವಳ್ಳಿ ‘ಮೂಡಲಮನೆ’ ಮಾಡಿದಾಗ ಉತ್ತರ ಕರ್ನಾಟಕದ ಮಾತನ್ನೇ ಆಡಿಸಿದರು, ಇಡೀ ರಾಜ್ಯ ಕೂತು ಕೇಳಿತು. ಹವ್ಯಕರ, ನಾಮಧಾರಿಗಳ, ಸಿದ್ದಿಗಳ, ಕರೆ ಒಕ್ಕಲಿಗರ ಮಾತು ಒಂದೇ ಬಸ್ಸಿನಲ್ಲಿ ಕೇಳಿಸುವ ಈ ಸೀಮೆಗೂ ಅಂಥದ್ದೊಂದು ಧಾರಾವಾಹಿ ಬೇಕು. ಅದನ್ನು ಮಾಡಹೊರಟವರು ಮಳೆಗಾಲದಲ್ಲಿ ಬರಲಿ. ಮೇಳಗಳ ತಿರುಗಾಟ ನಿಂತು ಊರೂರಲ್ಲಿ ತಾಳಮದ್ದಲೆ ನಡೆಯುವ ಆ ತಿಂಗಳುಗಳಲ್ಲಿ ಸೋಂದಾದ ಸುತ್ತ ಯಾವ ಜಗಲಿಗೆ ಹೋಗಿ ಕೂತರೂ ಅವರಿಗೆ ಬೇಕಾದ ನಟರು ಅಲ್ಲೇ ಅರ್ಥ ಹೇಳುತ್ತಿರುತ್ತಾರೆ.