ಕಲ್ಲು ಕಚ್ಚಿದಲ್ಲೇ ಗಟ್ಟಿಯಾಗುವ ರಬ್ಬರ್

ಕಳಸದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮುಖ್ಯರಸ್ತೆಯಿಂದ ನಮ್ಮ ತೋಟಕ್ಕೆ ನಾಲ್ಕು ಕಿಲೋಮೀಟರ್ ಕಲ್ಲು, ಕೆಸರಿನ ದಾರಿ. ಫೋರ್‌ವೀಲ್ ಜೀಪಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಯಾವುದಾದರೂ ಒಂದು ಟೈರಿನ ಪಕ್ಕ ಹರಿದು ಎಸೆಯಬೇಕಾಗುತ್ತದೆ. ಬಟನ್ ನೋಡಿದರೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಅಗಲದ, ದಪ್ಪ ಬಟನ್ನಿನ ಟೈರ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿಸಲೇ?"

ಈ ಪತ್ರ ಓದಿ ನನಗೆ ಬಹಳ ಖುಷಿಯಾಯಿತು, ಏಕೆಂದರೆ ಪ್ರಶ್ನೆಯ ಒಳಗೇ ಉತ್ತರದ ತುದಿ ಕಾಣುತ್ತಿದೆ. ಹರಿದದ್ದು ಪಕ್ಕ, ಊರಿನವರು ಸಲಹೆ ಕೊಡುತ್ತಿರುವುದು ಬಟನ್ನಿನ, ಅಂದರೆ ನೆಲ ಹಿಡಿಯುವ ಉಬ್ಬುಗಳ ಬಗ್ಗೆ. ಅಂಗಡಿಗೆ ಹೋದಾಗ ನಾವೆಲ್ಲ ಮಾಡುವುದೂ ಅದನ್ನೇ. ಬಟನ್ನಿನ ಸಂದಿನಲ್ಲಿ ಬೆರಳು ತೂರಿಸಿ ಆಳ ನೋಡುತ್ತೇವೆ, ಹೆಬ್ಬೆರಳಿನಿಂದ ಒತ್ತಿ "ಗಟ್ಟಿ ಇದೆ" ಎನ್ನುತ್ತೇವೆ. ಡಾಂಬರಿನ ಮೇಲೆ ಟೈರ್ ಸವೆದು ಸಾಯುತ್ತದೆ. ಕಲ್ಲುದಾರಿಯಲ್ಲಿ ಅದು ಸಾಯುವುದು ಗಾಯದಿಂದ. ಆದ್ದರಿಂದ ಅಲ್ಲಿ ಬಾಳಿಕೆಯ ಲೆಕ್ಕ ಶುರುವಾಗಬೇಕಾದದ್ದು, ಚೂಪು ಕಲ್ಲು ಕಚ್ಚಿದಾಗ ರಬ್ಬರ್ ಏನು ಮಾಡುತ್ತದೆ ಎಂಬಲ್ಲಿಂದ.

ಅದು ಮಾಡುವ ಕೆಲಸ ಅದ್ಭುತವಾದದ್ದು. ಮನೆಯಲ್ಲೇ ಅದರ ಸುಳಿವು ಹಿಡಿಯಬಹುದು. ಒಂದು ಅಗಲವಾದ ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಚಟ್ಟನೆ ಉದ್ದಕ್ಕೆ ಎಳೆದು, ಎಳೆದಂತೆಯೇ ತುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಎಳೆದೇ ಹಿಡಿದುಕೊಂಡು ಅರೆನಿಮಿಷ ಬಿಡಿ, ಆ ಬಿಸಿ ಆರಲಿ. ಈಗ ಒಮ್ಮೆಲೇ ಸಡಿಲಿಸಿ ಮತ್ತೆ ತುಟಿಗೆ ತಾಗಿಸಿ. ತಣ್ಣಗಾಗಿರುತ್ತದೆ! ಮಕ್ಕಳಿಗೆ ಮಾಡಿ ತೋರಿಸಿದರೆ ಮೊದಲ ಸಲ ಯಾರೂ ನಂಬುವುದಿಲ್ಲ, ಬ್ಯಾಂಡ್ ಕಿತ್ತುಕೊಂಡು ತಾವೇ ಮಾಡಿ ನೋಡುತ್ತಾರೆ.

ಇದನ್ನು ಮೊದಲು ದಾಖಲಿಸಿದವನು ಇಂಗ್ಲೆಂಡಿನ ಕೆಂಡಲ್ ಎಂಬ ಊರಿನ ಜಾನ್ ಗಫ್. ಎಳೆಯ ಮಗುವಾಗಿದ್ದಾಗಲೇ ಸಿಡುಬು ಬಂದು ಕಣ್ಣು ಕಳೆದುಕೊಂಡವನು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೆ ಹರೆಯದಲ್ಲಿ ಪಾಠ ಹೇಳಿದ ಗುರುವೂ ಇವನೇ. ಕಣ್ಣಿಲ್ಲದ ಈ ವಿಜ್ಞಾನಿ ರಬ್ಬರಿನ ಪಟ್ಟಿಯನ್ನು ಎಳೆದು, ತುಟಿಯಿಂದಲೇ ಅದರ ಬಿಸಿ ಅಳೆದ. 1805ರಲ್ಲಿ ಅದು ಪ್ರಕಟವಾಯಿತು. ಅರ್ಧ ಶತಮಾನದ ನಂತರ ಭೌತವಿಜ್ಞಾನಿ ಜೇಮ್ಸ್ ಜೂಲ್ ಉಪಕರಣಗಳಿಂದ ಅಳೆದು ನೋಡಿದಾಗ ಗಫ್‌ನ ತುಟಿ ಹೇಳಿದ್ದು ಸರಿಯಾಗಿತ್ತು.

ಕಾರಣ ಹೀಗೆ. ರಬ್ಬರಿನ ಅಣುಗಳು ಬಹು ಉದ್ದದ ಸರಪಳಿಗಳು. ಸುಮ್ಮನಿದ್ದಾಗ ಒಂದಕ್ಕೊಂದು ಸುತ್ತಿಕೊಂಡು ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಎಳೆದಾಗ ಸಾಲಾಗಿ ಒಂದೇ ದಿಕ್ಕಿಗೆ ನಿಲ್ಲುತ್ತವೆ, ಆಗ ಶಾಖ ಹೊರಬರುತ್ತದೆ. ಇಲ್ಲಿಗೇ ಮುಗಿಯಲಿಲ್ಲ. 1925ರಲ್ಲಿ ಯೋಹಾನ್ ಕಾಟ್ಸ್ ಎಂಬ ಡಚ್ ವಿಜ್ಞಾನಿ ರಬ್ಬರಿನ ಮೂಲಕ ಎಕ್ಸ್-ರೇ ಹಾಯಿಸಿ ನೋಡಿದ. ಎಳೆಯದ ರಬ್ಬರ್ ದ್ರವದಂತೆ ಮಸುಕಾದ ಉಂಗುರವೊಂದನ್ನು ಮೂಡಿಸಿತು. ಜೋರಾಗಿ ಎಳೆದಾಗ ಉಪ್ಪಿನ ಹರಳಿನಲ್ಲಿ ಕಾಣುವಂಥ ಸ್ಪಷ್ಟ ಚುಕ್ಕೆಗಳು ಮೂಡಿದವು. ಎಳೆದ ರಬ್ಬರಿನೊಳಗೆ ಹರಳುಗಳು ಹುಟ್ಟುತ್ತಿದ್ದವು. ಬಿಟ್ಟರೆ ಕರಗಿ ಹೋಗುತ್ತಿದ್ದವು.

ಈಗ ಇದನ್ನು ಕಳಸದ ದಾರಿಗೆ ತನ್ನಿ. ಒಡೆದ ಕರಿಕಲ್ಲಿನ ಅಂಚು ಟೈರಿನಲ್ಲಿ ಸಣ್ಣ ಸೀಳು ಮಾಡಿತು ಅಂದುಕೊಳ್ಳಿ. ಜೀಪಿನ ಭಾರಕ್ಕೆ ಆ ಸೀಳು ಬಾಯಿ ಬಿಡುತ್ತದೆ. ಉಳಿದೆಲ್ಲ ಕಡೆಗಿಂತ ಅತಿ ಹೆಚ್ಚು ಎಳೆತ ಬೀಳುವುದು ಸೀಳಿನ ತುದಿಯಲ್ಲಿ. ಎಳೆತ ಎಲ್ಲಿ ಹೆಚ್ಚೋ ಅಲ್ಲೇ ಹರಳು ಕಟ್ಟುತ್ತದೆ. ಅಂದರೆ ಹರಿಯಲು ಹೊರಟ ಜಾಗದಲ್ಲೇ, ಆ ಕ್ಷಣದಲ್ಲೇ, ರಬ್ಬರ್ ಗಟ್ಟಿಯಾಗಿ ಸೀಳಿಗೆ ಅಡ್ಡ ನಿಲ್ಲುತ್ತದೆ. ಚಕ್ರ ಮುಂದಕ್ಕೆ ಉರುಳಿ ಎಳೆತ ತಗ್ಗಿದೊಡನೆ ಹರಳು ಮಾಯವಾಗಿ ರಬ್ಬರ್ ಮತ್ತೆ ಮೆತ್ತಗಾಗುತ್ತದೆ. ಅಪಾಯ ಬಂದಲ್ಲಿ ಮಾತ್ರ, ಬಂದಷ್ಟು ಹೊತ್ತು ಮಾತ್ರ ಗಟ್ಟಿಯಾಗುವ ಇಂಥ ವಸ್ತುವನ್ನು ಯಾವ ಎಂಜಿನಿಯರ್ ತಾನೇ ಬಯಸುವುದಿಲ್ಲ!

ಈ ಗುಣ ಮರದ ರಬ್ಬರಿನದು. ಕಾರಿನ ಟೈರುಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಸ್ಟೈರೀನ್-ಬ್ಯೂಟಾಡೈಯೀನ್ ಎಂಬ ಕೃತಕ ರಬ್ಬರಿನಲ್ಲಿ ಅಣು ಸರಪಳಿಯ ಜೋಡಣೆ ಅಡ್ಡಾದಿಡ್ಡಿ, ಎಷ್ಟು ಎಳೆದರೂ ಹರಳು ಕಟ್ಟದು. ಲಾರಿ ಮತ್ತು ವಿಮಾನದ ಟೈರುಗಳಲ್ಲಿ ಇಂದಿಗೂ ಮರದ ರಬ್ಬರೇ ಹೆಚ್ಚಿರಲು ಇದೂ ಒಂದು ಮುಖ್ಯ ಕಾರಣ. ಮರದ ರಬ್ಬರಿನ ಅಣುವನ್ನೇ ಕಾರ್ಖಾನೆಯಲ್ಲಿ ಕಟ್ಟಿದ್ದಾರೆ. ಆದರೆ ಹರಳುಗಟ್ಟುವುದರಲ್ಲಿ ಅದಿನ್ನೂ ಮರಕ್ಕೆ ಸರಿಸಾಟಿಯಾಗಿಲ್ಲ. ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ಟ್ಯಾಪಿಂಗ್ ಮಾಡಿ ಇಳಿಸುವ ಆ ಬಿಳಿ ಹಾಲಿನಲ್ಲಿ ಇಷ್ಟೆಲ್ಲ ಅಡಗಿದೆ. ಮರ ಅದನ್ನು ನಮ್ಮ ಜೀಪಿಗೆಂದು ಮಾಡಲಿಲ್ಲ. ತೊಗಟೆಗೆ ಗಾಯವಾದರೆ ಮುಚ್ಚಲು, ಕೊರೆಯಲು ಬಂದ ಹುಳುವಿನ ಬಾಯಿ ಅಂಟಿಸಲು ಮಾಡಿಕೊಂಡದ್ದು.

ಈ ಹರಳಿನ ಕಾವಲಿಗೆ ಒಬ್ಬ ಶತ್ರು ಇದ್ದಾನೆ, ಶಾಖ. ಟೈರ್ ಬಿಸಿಯಾದಷ್ಟೂ ಹರಳು ಕಟ್ಟುವುದು ಕಷ್ಟ. ಟೈರಿಗೆ ಇನ್ನೊಬ್ಬ ಶತ್ರು ನೀರು. ರಬ್ಬರ್ ಶೀಟು ಕೊಯ್ದವರಿಗೆ ಗೊತ್ತು, ಅಲಗನ್ನು ಒದ್ದೆ ಮಾಡಿಕೊಂಡರೆ ಸರಾಗವಾಗಿ ಇಳಿಯುತ್ತದೆ. ಒದ್ದೆ ಕಲ್ಲಿನ ಅಂಚೂ ಹಾಗೆಯೇ. ಮಳೆಗಾಲದಲ್ಲಿ ಟೈರು ಬೇಗ ಹರಿಯುವುದರ ಹಿಂದೆ ಇದೂ ಇದೆ.

ಈಗ ನನಗೆ ಸಿಟ್ಟು ತರಿಸುವ ನಂಬಿಕೆಗೆ ಬರುತ್ತೇನೆ. ಕಲ್ಲುದಾರಿಗೆ ಹೋಗುವ ಮುನ್ನ ಬಂಕಿನಲ್ಲಿ ನಿಲ್ಲಿಸಿ "ಕಲ್ಲಿದೆ, ಗಟ್ಟಿ ಹಿಡೀರಿ, ನಲವತ್ತು ಹೊಡೀರಿ" ಎನ್ನುವವರು ಎಷ್ಟು ಮಂದಿ! ಬಿರಿಯುವಂತೆ ಊದಿದ ಬಲೂನಿಗೆ ಸೂಜಿ ತಾಗಿದರೆ ಏನಾಗುತ್ತದೆ, ಅರೆಬರೆ ಊದಿದ್ದಕ್ಕೆ ಬೆರಳು ಒತ್ತಿದರೆ ಏನಾಗುತ್ತದೆ, ನೆನಪಿಸಿಕೊಳ್ಳಿ. ಗಾಳಿ ತುಂಬಿ ಬಿಗಿದ ಟೈರು ಕಲ್ಲಿನ ಮೇಲೆ ಬಾಗದು. ಇಡೀ ಭಾರ ಆ ಒಂದು ಅಂಚಿನ ಮೇಲೆ ಬೀಳುತ್ತದೆ. ಗಾಳಿ ಇಳಿಸಿದ ಟೈರು ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ.

ಲೆಕ್ಕವೂ ಸುಲಭ. ಜನ, ಗೊಬ್ಬರದ ಮೂಟೆ ಸೇರಿ ಜೀಪು 2,000 ಕಿಲೋ ಇದ್ದರೆ ಚಕ್ರಕ್ಕೆ 500 ಕಿಲೋ. ಭಾರ ಹೊರುವುದು ಬಹುಪಾಲು ಒಳಗಿನ ಗಾಳಿಯೇ. 35 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡ. ಹಾಗಾಗಿ ನೆಲ ಮುಟ್ಟುವ ಜಾಗ ಸುಮಾರು 200 ಚದರ ಸೆಂಟಿಮೀಟರ್. 20ಕ್ಕೆ ಇಳಿಸಿದರೆ ಅದು 350ರ ಆಸುಪಾಸಿಗೆ ಏರುತ್ತದೆ. ಟೈರಿನ ಸ್ವಂತ ಬಿಗಿತದಿಂದ ಈ ಅಂಕಿ ತುಸು ಆಚೀಚೆ ಆದೀತು. ಖರ್ಚಿಲ್ಲದೆ ಹಿಡಿತ ಹೆಚ್ಚಿತು, ಚುಚ್ಚು ಕಡಿಮೆಯಾಯಿತು, ಬೆನ್ನಿನ ಕುಲುಕಾಟವೂ ತಗ್ಗಿತು. ಆದರೆ ಎರಡು ಎಚ್ಚರಿಕೆ ಬೇಕೇ ಬೇಕು. ಗಾಳಿ ಇಳಿದಾಗ ಪಕ್ಕ ಉಬ್ಬಿ ಹೊರಬರುತ್ತದೆ, ಆದ್ದರಿಂದ ಚೂಪು ಕಲ್ಲಿನ ಪಕ್ಕಕ್ಕೆ ಉಜ್ಜಿಕೊಂಡು ಹೋಗದೆ ಅದರ ಮೇಲೇ ನಿಧಾನವಾಗಿ ಹತ್ತಿಸಿ. ಮತ್ತೆ, ಡಾಂಬರಿಗೆ ಬಂದೊಡನೆ ಗಾಳಿ ತುಂಬಿಸಿ. ಗಾಳಿ ಕಡಿಮೆ ಇರುವ ಟೈರು ವೇಗದಲ್ಲಿ ಬಾಗಿ ಬಾಗಿ ಒಳಗೊಳಗೇ ಕಾಯುತ್ತದೆ. ಶಾಖ ಏರಿದರೆ ಹರಳಿನ ಕಾವಲು ಹೋಯಿತು, ಪದರಗಳೂ ಬಿಟ್ಟುಕೊಳ್ಳಲು ಶುರುವಾಗುತ್ತವೆ.

ಅಗಲದ ಟೈರಿನ ವಿಚಾರವೂ ಇದೇ ಲೆಕ್ಕದಿಂದ ಬಗೆಹರಿಯುತ್ತದೆ. ಭಾರ, ಒತ್ತಡ ಎರಡೂ ಅಷ್ಟೇ ಇದ್ದರೆ ನೆಲ ಮುಟ್ಟುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಅದರ ಉದ್ದ ಕುಗ್ಗಿ ಅಗಲ ಹೆಚ್ಚುತ್ತದೆ, ಅಷ್ಟೇ. ಮರಳಿನಲ್ಲಿ, ತಳವಿಲ್ಲದ ಕೆಸರಿನಲ್ಲಿ ಅಗಲದ ಟೈರಿಗೆ ಗಾಳಿ ಇಳಿಸಿ ತೇಲಿಕೊಂಡು ಹೋಗಬಹುದು. ಮಲೆನಾಡಿನ ದಾರಿಯಲ್ಲಿ ಸಾಮಾನ್ಯವಾಗಿ ಮೇಲೆ ಒಂದು ಗೇಣು ಕೆಸರು, ಕೆಳಗೆ ಗಟ್ಟಿ ನೆಲ. ಅಲ್ಲಿ ಕಿರಿದಾದ ಟೈರು ಕೆಸರನ್ನು ಕೊಯ್ದುಕೊಂಡು ಇಳಿದು ಗಟ್ಟಿ ನೆಲ ಹಿಡಿಯುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು ಓಡಿದ್ದು 6.00-16 ಟೈರಿನ ಮೇಲೆ, ಅಂದರೆ ಆರೇ ಇಂಚು ಅಗಲ. ಅಗಲ ಹೆಚ್ಚಿದಷ್ಟೂ ಪಕ್ಕಗಳು ಇನ್ನಷ್ಟು ಹೊರಗೆ ಚಾಚಿ ಕಲ್ಲಿಗೆ ಸಿಗುತ್ತವೆ. ಸ್ಟೇರಿಂಗ್ ಭಾರ, ಡೀಸೆಲ್ ಖರ್ಚು ಬೇರೆ. ಕಂಪನಿ ಹೇಳಿದ ಅಳತೆ ಬಿಟ್ಟು ಹೋಗಬೇಡಿ.

ಬಟನ್ನಿನ ಬಗ್ಗೆ ನಾಲ್ಕೇ ಮಾತು. ಮಡ್-ಟೆರೇನ್ ಟೈರಿನ ದೊಡ್ಡ ಬಟನ್‌ಗಳ ನಡುವೆ ಅಗಲದ ಸಂದಿದೆ, ಚಕ್ರ ತಿರುಗಿದಾಗ ಕೆಸರು ಸಿಡಿದು ಹೋಗಿ ಹಿಡಿತ ಮರಳುತ್ತದೆ. ಡಾಂಬರಿನಲ್ಲಿ ಅದೇ ಬಟನ್‌ಗಳು ಅಲುಗಾಡಿ, ಗುಂಯ್‌ಗುಟ್ಟಿ, ಬೇಗ ಸವೆಯುತ್ತವೆ, ಒದ್ದೆ ರಸ್ತೆಯಲ್ಲಿ ಬ್ರೇಕೂ ಅಷ್ಟಕ್ಕಷ್ಟೆ. ದಿನದ ಓಡಾಟದಲ್ಲಿ ಮುಕ್ಕಾಲು ಪಾಲು ಡಾಂಬರಾದರೆ, ಡಾಂಬರಿಗೂ ಕಚ್ಚಾ ದಾರಿಗೂ ಸಲ್ಲುವ ಆಲ್-ಟೆರೇನ್ ಟೈರು ಸಾಕು. ಆಷಾಢದಲ್ಲಿ ತೀರಾ ಕೆಸರಾದಾಗ ನಮ್ಮ ತೋಟದ ಜೀಪುಗಳಿಗೆ ಚೈನ್ ಇದ್ದೇ ಇದೆ.

ಇನ್ನು ಅಂಗಡಿಯಲ್ಲಿ ನೋಡಬೇಕಾದ ಪಕ್ಕ. ಹಳೆಯ ನೈಲಾನ್ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾದು ಪಕ್ಕದವರೆಗೂ ದಪ್ಪವಾಗಿ ಬರುತ್ತಿದ್ದವು. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟಿಗೆ ಹಾಕಿದ ರೇಡಿಯಲ್ ರಚನೆಯಲ್ಲಿ ಉಕ್ಕಿನ ಪಟ್ಟಿ ಇರುವುದು ಬಟನ್ನಿನ ಕೆಳಗೆ ಮಾತ್ರ. ಪಕ್ಕ ತೆಳ್ಳಗೆ, ಬಳುಕುವಂತೆ ಇರುತ್ತದೆ. ಸವಾರಿ ಹಿತ, ಶಾಖ ಕಡಿಮೆ, ಬಾಳಿಕೆ ಹೆಚ್ಚು, ಆದರೆ ಕಲ್ಲಿಗೆ ಪಕ್ಕವೇ ಸುಲಭದ ತುತ್ತು. ಪಕ್ಕ ಸೀಳಿದರೆ ಪಂಕ್ಚರ್ ಅಂಗಡಿಯವರು ಏನೇ ಹೇಳಲಿ, ಪ್ಯಾಚ್ ನಂಬಿ ಘಾಟಿ ಇಳಿಯಬೇಡಿ. ಆ ಜಾಗ ಪ್ರತಿ ಸುತ್ತಿಗೂ ಬಾಗುತ್ತದೆ, ಪ್ಯಾಚ್ ನಿಲ್ಲದು.

ಟೈರಿನ ಮೇಲೆ ಸಣ್ಣ ಅಕ್ಷರದಲ್ಲಿ, ಬಟನ್ನಿನ ಕೆಳಗೆ ಎಷ್ಟು ಪದರ, ಪಕ್ಕದಲ್ಲಿ ಎಷ್ಟು ಪದರ ಎಂದು ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ಓದಿ. 'ಸೈಡ್‌ವಾಲ್' ಎಂಬಲ್ಲಿ ಒಂದು ಪಾಲಿಯೆಸ್ಟರ್ ಎಂದಿದ್ದರೆ ಅದು ಪೇಟೆಯ ಟೈರು. ಎರಡು ಇರಲಿ, ಮೂರು ಸಿಕ್ಕರೆ ಕಲ್ಲುದಾರಿಗೆ ಬಹಳ ಒಳ್ಳೆಯದು. '8ಪಿಆರ್' ಎಂಬ ಗುರುತು ಕಂಡು ಎಂಟು ಪದರ ಅಂದುಕೊಳ್ಳಬೇಡಿ. ಹತ್ತಿ ನೂಲಿನ ಕಾಲದಲ್ಲಿ ಅದು ಪದರದ ಲೆಕ್ಕವಾಗಿತ್ತು, ಈಗ ಭಾರ ಹೊರುವ ಸಾಮರ್ಥ್ಯದ ಅಂದಾಜು ಅಷ್ಟೇ.

ನಾಲ್ಕು ಅಂಕಿಗಳ ಇನ್ನೊಂದು ಗುರುತಿದೆ. 2323 ಅಂದರೆ 2023ರ 23ನೇ ವಾರ ತಯಾರಾದದ್ದು. ರಬ್ಬರ್ ಬಳಸದಿದ್ದರೂ ಮುದಿಯಾಗುತ್ತದೆ, ಗಾಳಿಯಲ್ಲಿರುವ ಓಝೋನ್ ಅದನ್ನು ಬಿರುಕು ಬಿಡಿಸುತ್ತದೆ. ಹೊಸ ಟೈರ್ ಹಾಕಿಸಿದ ದಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಹಿಂಡುವವರು, ಆಯುಧಪೂಜೆಗೆ ಕುಂಬಳಕಾಯಿ ಒಡೆಯುವವರು ಈ ನಾಲ್ಕು ಅಂಕಿ ಓದಿದ್ದನ್ನು ನಾನು ನೋಡಿಲ್ಲ. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ನಿಂಬೆಹಣ್ಣು ಹಿಂಡಿದ್ದೇವೆ ಎಂಬ ಧೈರ್ಯದಲ್ಲಿ ಬಿರುಕು ಬಿಟ್ಟ ಟೈರಿನ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿಯುವುದು ತಪ್ಪು, ದೊಡ್ಡ ತಪ್ಪು.

ಫೋರ್‌ವೀಲ್ ಗಾಡಿಗೆ ಮಾತ್ರ ಅನ್ವಯಿಸುವ ಒಂದು ವಿಷಯವಿದೆ. ಫೋರ್‌ವೀಲ್ ಹಾಕಿದಾಗ ನಿಮ್ಮಂಥ ಜೀಪುಗಳಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಹೊಸ ದೊಡ್ಡ ಟೈರು, ಹಿಂದೆ ಸವೆದ ಸಣ್ಣ ಟೈರು ಇದ್ದರೆ ಎರಡೂ ಒಂದಕ್ಕೊಂದು ಜಗ್ಗಾಡಿ ಗೇರುಗಳಿಗೆ ಪೆಟ್ಟು ಬೀಳುತ್ತದೆ, ಟೈರೂ ಉಜ್ಜಿ ಸವೆಯುತ್ತದೆ. ಹಾಗಾಗಿ ಹರಿದ ಒಂದನ್ನೇ ಬೇರೆ ಅಳತೆಯದರಿಂದ ಬದಲಿಸಬೇಡಿ. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸರದಿಯ ಮೇಲೆ ಜಾಗ ಬದಲಿಸುತ್ತಿದ್ದರೆ ಎಲ್ಲವೂ ಒಟ್ಟಿಗೆ ಸವೆಯುತ್ತವೆ.

ಆದ್ದರಿಂದ ಕಳಸದ ಓದುಗರೇ, ಈಗಿರುವ ಅಳತೆಯದೇ ಆಲ್-ಟೆರೇನ್, ಪಕ್ಕದಲ್ಲಿ ಮೂರು ಪದರ ಇರುವುದು, ಈ ವರ್ಷ ತಯಾರಾದದ್ದು ತೆಗೆದುಕೊಳ್ಳಿ. ಅಗಲದ ಟೈರಿಗೆಂದು ಇಟ್ಟಿದ್ದ ಹಣದಲ್ಲಿ ಉಳಿದದ್ದರಿಂದ ಒಂದು ಪ್ರೆಷರ್ ಗೇಜು, ಜೀಪಿನ ಬ್ಯಾಟರಿಯಿಂದ ಓಡುವ ಒಂದು ಗಾಳಿ ಪಂಪು ಕೊಳ್ಳಿ. ತೋಟದ ದಾರಿ ಶುರುವಾಗುವಲ್ಲಿ ನಿಲ್ಲಿಸಿ 22ಕ್ಕೆ ಇಳಿಸಿ, ಪೂರ್ತಿ ಲೋಡಿದ್ದರೆ 26 ಇರಲಿ, ಇಪ್ಪತ್ತು ಕಿಲೋಮೀಟರ್ ವೇಗ ಮೀರಬೇಡಿ. ವಾಪಸ್ ಮುಖ್ಯರಸ್ತೆಗೆ ಬಂದಾಗ ಪಂಪು ಹಚ್ಚಿ, ಅದು ಗಾಳಿ ತುಂಬುವಷ್ಟು ಹೊತ್ತು ಟೈರಿನ ಪಕ್ಕಗಳ ಮೇಲೆ ಕೈಯಾಡಿಸಿ ಹೊಸ ಸೀಳು ಬಿದ್ದಿದೆಯೇ ನೋಡಿಕೊಳ್ಳಿ.